ಯುಕಾನ್‌ನಲ್ಲಿ ಚಳಿಗಾಲ ಬಂದರೆ ದಾರಿ ತೆರೆಯುತ್ತದೆ: ಚಿನ್ನದ ನಾಡಿನ ನಾಯಿ ಸ್ಲೆಡ್ ಲೆಕ್ಕಾಚಾರ

ಕೆನಡಾದ ವಾಯವ್ಯ ಮೂಲೆಯಲ್ಲಿ, ಅಲಾಸ್ಕಾಕ್ಕೆ ತಾಗಿಕೊಂಡು ಯುಕಾನ್ ಇದೆ. ಅಲ್ಲಿನ ದೊಡ್ಡ ನದಿಯ ಹೆಸರೂ ಯುಕಾನ್. ಅಕ್ಟೋಬರ್ ಕೊನೆಯ ಹೊತ್ತಿಗೆ ಅದು ಹೆಪ್ಪುಗಟ್ಟಲು ಶುರುವಾದರೆ ಮತ್ತೆ ಒಡೆಯುವುದು ಮೇ ತಿಂಗಳಲ್ಲಿ. ಇಂಥ ಕಡೆ ಚಳಿಗಾಲದಲ್ಲಿ ಓಡಾಟವೇ ನಿಂತುಹೋಗುತ್ತಿತ್ತು ಅಂತ ನಮಗೆ ಅನ್ನಿಸುವುದು ಸಹಜ. ಆಗುತ್ತಿದ್ದದ್ದು ಉಲ್ಟಾ. ಬೇಸಿಗೆಯಲ್ಲಿ ಆ ನೆಲ ಬರೀ ಜೌಗು, ಸೊಳ್ಳೆ, ದಾಟಲಾಗದ ಹಳ್ಳಗಳು. ದೋಣಿ ಹೋಗುವ ಕಡೆ ಬಿಟ್ಟರೆ ಬೇರೆ ದಾರಿ ಇಲ್ಲ. ಚಳಿ ಬಿದ್ದ ಮೇಲೆ ಜೌಗೆಲ್ಲ ಗಟ್ಟಿಯಾಗುತ್ತದೆ, ನದಿಯೇ ಹೆದ್ದಾರಿಯಾಗುತ್ತದೆ. ಆ ಹೆದ್ದಾರಿಯ ಮೇಲೆ ದಶಕಗಟ್ಟಲೆ ಓಡಾಡಿದ ಗಾಡಿ ನಾಯಿ ಸ್ಲೆಡ್, ಅಂದರೆ ನಾಯಿಗಳು ಹಿಮದ ಮೇಲೆ ಎಳೆದುಕೊಂಡು ಹೋಗುವ ಜಾರುಗಾಡಿ.

ನಾಯಿ ಸ್ಲೆಡ್ ಅಂದ ತಕ್ಷಣ ನಮ್ಮ ಕಣ್ಣಿಗೆ ಬರುವುದು ನಾಯಿಗಳ ಶಕ್ತಿ, ವೇಗ, ನಿಷ್ಠೆ. ಅವೆಲ್ಲ ಇವೆ. ಆದರೆ ಆ ಪಯಣ ನಿಜವಾಗಿ ನಿಂತಿದ್ದದ್ದು ಊಟದ ಲೆಕ್ಕದ ಮೇಲೆ. ಆ ಲೆಕ್ಕ ಅರ್ಥವಾದರೆ ಅಲ್ಲಿನ ಅರ್ಧ ಚರಿತ್ರೆ ಅರ್ಥವಾದ ಹಾಗೆ.

ಮೊದಲು ಚಿನ್ನದ ಕಥೆ, ಚುಟುಕಾಗಿ. 1896ರ ಆಗಸ್ಟ್ 16ರಂದು ಯುಕಾನ್‌ನ ಕ್ಲಾಂಡೈಕ್ ಸೀಮೆಯ ರ್‍ಯಾಬಿಟ್ ಕ್ರೀಕ್ ಎಂಬ ಹಳ್ಳದಲ್ಲಿ ಚಿನ್ನ ಕಂಡಿತು. ಕಂಡ ಗುಂಪಿನಲ್ಲಿದ್ದವರು ಅಲ್ಲಿನ ಮೂಲನಿವಾಸಿಯಾದ ಕೀಶ್, ಅವನ ಸೋದರಿ ಶಾವ್ ತ್ಲಾ, ಅವರ ಸೋದರಳಿಯ ಡಾಸನ್ ಚಾರ್ಲಿ ಮತ್ತು ಶಾವ್ ತ್ಲಾಳ ಗಂಡ ಜಾರ್ಜ್ ಕಾರ್ಮ್ಯಾಕ್. ದಾಖಲೆಯಲ್ಲಿ ಮೊದಲು ಕಂಡವನೆಂದು ಹೆಸರು ಬರೆಸಿಕೊಂಡದ್ದು ಮಾತ್ರ ಕಾರ್ಮ್ಯಾಕ್. ಹಳ್ಳಕ್ಕೆ ಬೊನಾನ್ಜಾ ಎಂದು ಹೊಸ ಹೆಸರಾಯಿತು. ಸುದ್ದಿ ಹೊರಜಗತ್ತಿಗೆ ಮುಟ್ಟಿದ್ದು ಮುಂದಿನ ವರ್ಷ ಜುಲೈನಲ್ಲಿ, ಚಿನ್ನ ಹೊತ್ತ ಹಡಗುಗಳು ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಸಿಯಾಟಲ್‌ಗೆ ಬಂದಾಗ. ಸುಮಾರು ಒಂದು ಲಕ್ಷ ಜನ ಹೊರಟರು. ಆ ಚಿನ್ನದ ಸೀಮೆಯ ಊರಾದ ಡಾಸನ್ ಸಿಟಿ ತಲುಪಿದವರು 30ರಿಂದ 40 ಸಾವಿರ. ಅಷ್ಟರಲ್ಲಿ ಒಳ್ಳೆಯ ಜಾಗಗಳಿಗೆಲ್ಲ ಯಾರೋ ಗೂಟ ಹೊಡೆದಾಗಿತ್ತು.

ಇನ್ನೊಂದು ಮಾತು. ಈ ಜಾಗ ಖಾಲಿ ಕಾಡೇನೂ ಆಗಿರಲಿಲ್ಲ. ಟ್ರೊಂಡೆಕ್ ಹ್ವೆಚಿನ್ ಜನ ಅಲ್ಲಿ ಮೀನು ಹಿಡಿದುಕೊಂಡು ಬದುಕಿದ್ದರು. ಬಂದವರ ಗದ್ದಲ ಜಾಸ್ತಿಯಾದಾಗ ಅವರ ಮುಖ್ಯಸ್ಥ ಐಸಾಕ್ ತನ್ನ ಜನರನ್ನು ಕರೆದುಕೊಂಡು ನದಿಯ ಕೆಳಗಿನ ಮೂಸ್‌ಹೈಡ್‌ಗೆ ಹೋದ. 2023ರಲ್ಲಿ ಯುನೆಸ್ಕೊ ಈ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಯಲ್ಲಿ ಅದರ ಹೆಸರು ಟ್ರೊಂಡೆಕ್-ಕ್ಲಾಂಡೈಕ್: ಟ್ರೊಂಡೆಕ್ ಮೊದಲು, ಕ್ಲಾಂಡೈಕ್ ಆಮೇಲೆ. ಸರಿಯಾಗಿಯೇ ಇದೆ.

ಚಳಿಗಾಲದಲ್ಲಿ ಗಣಿ ಕೆಲಸ ಯಾಕೆ?

ಕ್ಲಾಂಡೈಕ್‌ನ ಚಿನ್ನವನ್ನು ಬಂಡೆ ಒಡೆದು ತೆಗೆಯಬೇಕಿರಲಿಲ್ಲ. ಅದು ಹಳ್ಳದ ಜಲ್ಲಿಯ ತಳದಲ್ಲಿ, ತಳಬಂಡೆಯ ಮೇಲೆ ಪುಡಿಯಾಗಿ, ಉಂಡೆಯಾಗಿ ಕೂತಿತ್ತು. ತೊಡಕು ಏನೆಂದರೆ ಮೇಲಿನ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿದ್ದು. ಗುದ್ದಲಿ ನಾಟುವುದಿಲ್ಲ. ಹಾಗಾಗಿ ರಾತ್ರಿ ಸೌದೆ ಒಟ್ಟಿ ಬೆಂಕಿ ಹಾಕುವುದು, ಬೆಳಿಗ್ಗೆ ಕರಗಿದಷ್ಟು ಮಣ್ಣು ತೆಗೆಯುವುದು, ಮತ್ತೆ ಬೆಂಕಿ. ಹೀಗೆ ಗುಂಡಿ ಇಳಿಸುತ್ತಾ ತಳಬಂಡೆ ಮುಟ್ಟುತ್ತಿದ್ದರು. ಇದನ್ನು ಬೇಸಿಗೆಯಲ್ಲಿ ಮಾಡಿದರೆ ಗುಂಡಿಗೆ ನೀರು ತುಂಬುತ್ತದೆ, ಗೋಡೆ ಕುಸಿಯುತ್ತದೆ. ಚಳಿಗಾಲದಲ್ಲಿ ಗೋಡೆ ತಾನಾಗಿಯೇ ಗಟ್ಟಿ. ಅಗೆದ ಮಣ್ಣನ್ನು ರಾಶಿ ಹಾಕಿ, ವಸಂತದಲ್ಲಿ ನೀರು ಹರಿಯತೊಡಗಿದ ಮೇಲೆ ತೊಳೆದು ಚಿನ್ನ ಬೇರ್ಪಡಿಸುತ್ತಿದ್ದರು.

ಅಂದರೆ ಜನ ಚಳಿಗಾಲವಿಡೀ ದುಡಿಯುತ್ತಿದ್ದರು. ಅವರಿಗೆ ಸೌದೆ ಬೇಕು, ಹಿಟ್ಟು ಬೇಕು, ಊರಿಂದ ಕಾಗದ ಬರಬೇಕು. ಇದನ್ನೆಲ್ಲ ಎಳೆದದ್ದು ನಾಯಿ.

ಕುದುರೆ ಯಾಕಲ್ಲ? ಕುದುರೆಯನ್ನೂ ಒಯ್ದರು. ಅಲಾಸ್ಕಾದ ಸ್ಕ್ಯಾಗ್‌ವೇ ಬಂದರಿನಿಂದ ವೈಟ್ ಪಾಸ್ ಎಂಬ ಕಣಿವೆ ದಾಟುವ ದಾರಿಯಲ್ಲಿ 1897–98ರಲ್ಲಿ ಸುಮಾರು 3,000 ಕುದುರೆ ಸತ್ತವು. ಹೊರೆ ಜಾಸ್ತಿ, ದಾರಿ ಕೆಸರು ಮತ್ತು ಬಂಡೆ, ಮೇವು ಇಲ್ಲ. ಕುದುರೆಗೆ ಹುಲ್ಲು ಬೇಕು, ಹಿಮದ ನಾಡಲ್ಲಿ ಹುಲ್ಲನ್ನೂ ಹೊತ್ತೇ ತರಬೇಕು. ನಾಯಿಗೆ ಬೇಕಾದ್ದು ಮೀನು. ಮೀನನ್ನು ಯುಕಾನ್ ನದಿಯೇ ಕೊಡುತ್ತಿತ್ತು. ಬೇಸಿಗೆಯಲ್ಲಿ ಸಮುದ್ರದಿಂದ ನದಿಗೆ ಏರಿ ಬರುವ ಸಾಲ್ಮನ್ ಮೀನನ್ನು ಹಿಡಿದು, ಸೀಳಿ, ಅಟ್ಟದ ಮೇಲೆ ಒಣಗಿಸಿಟ್ಟರೆ ಚಳಿಗಾಲಕ್ಕೆ ಇಂಧನ ತಯಾರು. ಒಣಗಿದ ಮೀನು ಹಗುರ, ಕೊಬ್ಬು ಇರುತ್ತದೆ, ಕೆಡುವುದಿಲ್ಲ.

ಮೇವಿನ ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ತಮಾಷೆಯಂತೆ ಕಾಣುವ ದುಃಖದ ಕಥೆಯಿದೆ. 1897ರ ಚಳಿಗಾಲದಲ್ಲಿ ಡಾಸನ್‌ನಲ್ಲಿ ಜನ ಹಸಿವಿನಿಂದ ಸಾಯುತ್ತಾರೆ ಎಂಬ ಸುದ್ದಿ ಹಬ್ಬಿತು. ಅಮೆರಿಕ ಸರ್ಕಾರ ನಾರ್ವೆಯಿಂದ ಐನೂರಕ್ಕೂ ಹೆಚ್ಚು ಹಿಮಸಾರಂಗ ಕೊಂಡು, ಅವುಗಳಿಂದ ಆಹಾರ ಸಾಗಿಸಲು ಹೊರಟಿತು. ಹಿಮಸಾರಂಗ ತಿನ್ನುವುದು ಒಂದು ಬಗೆಯ ಹಾವಸೆ. ತಂದ ಹಾವಸೆ ಮುಗಿಯಿತು, ಹೊಸದು ಸಿಗುವ ಜಾಗ ದೂರವಿತ್ತು. ದಾರಿಯುದ್ದಕ್ಕೂ ಪ್ರಾಣಿಗಳು ಸತ್ತವು. ಉಳಿದ ನೂರ ಚಿಲ್ಲರೆ ಹಿಮಸಾರಂಗಗಳು ಡಾಸನ್ ತಲುಪಿದ್ದು 1899ರ ಜನವರಿಯಲ್ಲಿ. ಅಷ್ಟರಲ್ಲಿ ಊರಿನವರಿಗೆ ಆ ಸಹಾಯದ ಅಗತ್ಯವೇ ಇರಲಿಲ್ಲ.

ನಾಯಿಯ ಲೆಕ್ಕವೂ ಸುಲಭದ್ದಲ್ಲ. ಒಂದು ಅಂದಾಜು ಹಾಕಿ ನೋಡೋಣ. ಆರು ನಾಯಿಗಳ ಒಂದು ತಂಡ, ಸ್ಲೆಡ್ ಮೇಲೆ 250 ಕೆಜಿ ಹೊರೆ. ದುಡಿಯುವ ನಾಯಿಗೆ ದಿನಕ್ಕೆ ಹೆಚ್ಚುಕಡಿಮೆ ಒಂದು ಕೆಜಿ ಒಣಮೀನು. ದಿನಕ್ಕೆ 6 ಕೆಜಿ, ತಿಂಗಳಿಗೆ 180 ಕೆಜಿ. ಉಳಿದದ್ದು 70 ಕೆಜಿ. ಅದರಲ್ಲೇ ಮನುಷ್ಯನ ಊಟ, ಡೇರೆ, ಒಲೆ, ಕೊಡಲಿ, ಕಂಬಳಿ. ಸಾಗಿಸಬೇಕಾದ ಸಾಮಾನಿಗೆ ಜಾಗವೇ ಇಲ್ಲ, ಅಲ್ವಾ? ಇನ್ನಷ್ಟು ನಾಯಿ ಕಟ್ಟೋಣ ಅಂದರೆ ಅವುಗಳಿಗೂ ಮೀನು ಹೊರಬೇಕು. ನಾಯಿ ಹೆಚ್ಚಿಸಿ ಈ ಲೆಕ್ಕದಿಂದ ಪಾರಾಗಲು ಆಗುವುದಿಲ್ಲ. ಪಾರಾಗುವ ದಾರಿ ಒಂದೇ: ನಡುನಡುವೆ ಆಹಾರ ಸಿಗುವ ಹಾಗೆ ಮಾಡಿಕೊಳ್ಳುವುದು. ಹಾಗಾಗಿಯೇ ಯುಕಾನ್ ದಾರಿಗಳ ಮೇಲೆ ಅಲ್ಲಲ್ಲಿ ತಂಗುಮನೆಗಳು ಹುಟ್ಟಿಕೊಂಡವು. ಇಲ್ಲದ ಕಡೆ ಮರದ ಮೇಲೆ, ಎತ್ತರದ ಅಟ್ಟಣೆಯಲ್ಲಿ ಮೀನು ಬಚ್ಚಿಡುತ್ತಿದ್ದರು.

ಲಗಾಮಿಲ್ಲದ ಗಾಡಿ

ಇನ್ನು ಗಾಡಿಯ ವಿಷಯ. ಸ್ಲೆಡ್ ಅಂದರೆ ಎರಡು ಉದ್ದನೆಯ ಜಾರುಪಟ್ಟಿ, ಅವುಗಳ ಮೇಲೆ ಸಾಮಾನು ಕಟ್ಟುವ ಚೌಕಟ್ಟು, ಹಿಂದೆ ಹಿಡಿದುಕೊಳ್ಳಲು ಹಿಡಿ. ಓಡಿಸುವವನನ್ನು ಮಷರ್ ಅನ್ನುತ್ತಾರೆ. ಅವನು ಕೂರುವುದಿಲ್ಲ. ಜಾರುಪಟ್ಟಿಗಳ ಹಿಂತುದಿಯ ಮೇಲೆ ನಿಂತಿರುತ್ತಾನೆ. ಏರು ಬಂದಾಗ ಇಳಿದು ತಳ್ಳುತ್ತಾ ಓಡುತ್ತಾನೆ. ಚಪ್ಪಟೆ ನೆಲದಲ್ಲೂ ಒಂದು ಕಾಲಿನಿಂದ ನೆಲ ಒದೆಯುತ್ತಲೇ ಇರುತ್ತಾನೆ. ಪ್ರವಾಸಕ್ಕೆ ಹೋದವರು ಸುಮ್ನೆ ನಿಂತುಕೊಂಡು ಹೋಗುತ್ತೇವೆ ಅಂದುಕೊಂಡಿರುತ್ತಾರೆ. ಮೊದಲ ದಿನ ಸಂಜೆ ತೊಡೆ, ಮೀನಖಂಡ ಎಲ್ಲ ಹಿಡಿದುಕೊಂಡಿರುತ್ತದೆ.

ಸ್ಲೆಡ್‌ನಿಂದ ಒಂದು ಉದ್ದ ಹಗ್ಗ ಮುಂದಕ್ಕೆ ಹೋಗುತ್ತದೆ. ಅದರ ಎರಡೂ ಬದಿಗೆ ಜೋಡಿಜೋಡಿಯಾಗಿ ನಾಯಿಗಳು. ಪ್ರತಿ ನಾಯಿಯ ಮೈಪಟ್ಟಿಯ ಹಿಂತುದಿಯಿಂದ, ಬಾಲದ ಬುಡದ ಹತ್ತಿರ, ಒಂದು ಹಗ್ಗ ನಡುಹಗ್ಗಕ್ಕೆ ಸೇರುತ್ತದೆ. ಎಳೆತವೆಲ್ಲ ಅದರ ಮೇಲೆ. ಕತ್ತಿನ ಬಳಿಯ ಸಣ್ಣ ದಾರ ನಾಯಿ ಸಾಲು ತಪ್ಪದಿರಲಿ ಅಂತ ಅಷ್ಟೇ. ಸ್ಲೆಡ್‌ಗೆ ಅಂಟಿಕೊಂಡಂತೆ ಇರುವ ಕೊನೆಯ ಜೋಡಿ ಗಟ್ಟಿಮುಟ್ಟಾಗಿರಬೇಕು, ಹಿಂದೆ ಸದ್ದು ಮಾಡುವ ಸ್ಲೆಡ್‌ಗೆ ಹೆದರಬಾರದು. ತಿರುವಿನಲ್ಲಿ ಸ್ಲೆಡ್ ಮರಕ್ಕೆ ಬಡಿಯದಂತೆ ಎಳೆಯುವುದು ಅವೇ. ಮುಂದಿನ ಜೋಡಿ ತಂಡದ ಬುದ್ಧಿ. ಎತ್ತಿನ ಗಾಡಿಗೆ ಹಗ್ಗ, ಮೂಗುದಾರ, ಬಾರುಕೋಲು ಇರುತ್ತವೆ. ಇಲ್ಲಿ ಅದ್ಯಾವುದೂ ಇಲ್ಲ, ಬರೀ ಮಾತು. ‘ಜೀ’ ಅಂದರೆ ಬಲಕ್ಕೆ, ‘ಹಾ’ ಅಂದರೆ ಎಡಕ್ಕೆ, ‘ವೋ’ ಅಂದರೆ ನಿಲ್ಲು. ಮುಂದಿನ ನಾಯಿ ಕೇಳಿದರೆ ಸರಿ, ಕೇಳದಿದ್ದರೆ ಅದು ಹೋದಲ್ಲಿಗೆ ನೀವು. ಕೆಲವೊಮ್ಮೆ ಕೇಳದಿರುವುದೇ ಒಳ್ಳೆಯದು. ಮಂಜುಗಡ್ಡೆ ತೆಳುವಾಗಿರುವ ಕಡೆ ಅನುಭವದ ನಾಯಿ ಮಷರ್‌ನ ಮಾತು ಮೀರಿ ಪಕ್ಕಕ್ಕೆ ಸರಿಯುವುದುಂಟು.

ಹೊರಡುವ ಹೊತ್ತನ್ನು ಹತ್ತಿರದಿಂದ ನೋಡಬೇಕು. ಸ್ಲೆಡ್‌ನ್ನು ಮರಕ್ಕೋ ಕಂಬಕ್ಕೋ ಕಟ್ಟಿರುತ್ತಾರೆ. ಜೊತೆಗೆ ಕಬ್ಬಿಣದ ಕೊಕ್ಕೆಯನ್ನು ಹಿಮಕ್ಕೆ ತುಳಿದು ಊರಿರುತ್ತಾರೆ. ಮೈಪಟ್ಟಿ ಕಂಡ ತಕ್ಷಣ ನಾಯಿಗಳಿಗೆ ಹುಚ್ಚು ಹಿಡಿಯುತ್ತದೆ. ಕಿರುಚುತ್ತವೆ, ನಾಲ್ಕೂ ಕಾಲೆತ್ತಿ ನೆಗೆಯುತ್ತವೆ, ಹಗ್ಗ ಕಚ್ಚುತ್ತವೆ. ಪಕ್ಕದಲ್ಲಿ ನಿಂತವರ ಮಾತು ಕೇಳುವುದಿಲ್ಲ. ಗಂಟು ಬಿಚ್ಚಿದ ಕ್ಷಣ ಸ್ಲೆಡ್ ಎಗರಿ ಹೊರಡುತ್ತದೆ, ಬೊಗಳು ಥಟ್ಟನೆ ನಿಲ್ಲುತ್ತದೆ. ಆಮೇಲೆ ಬರೀ ಉಸಿರು ಮತ್ತು ಹಿಮ ಉಜ್ಜುವ ಸದ್ದು. ಹೊಸಬರಿಗೆ ಮೊದಲು ಹೇಳಿಕೊಡುವ ನಿಯಮ ಒಂದೇ: ಏನೇ ಆದರೂ ಹಿಡಿ ಬಿಡಬೇಡಿ. ಬಿದ್ದರೂ ಎಳೆಸಿಕೊಂಡು ಹೋಗಿ. ನೀವು ಬಿದ್ದಿರಿ ಅಂತ ನಾಯಿಗಳು ಕಾಯುವುದಿಲ್ಲ.

ಈ ನಾಯಿಗಳು ಪೋಸ್ಟರ್‌ನಲ್ಲಿ ಕಾಣುವ ನೀಲಿಗಣ್ಣಿನ ದಪ್ಪಕೂದಲಿನವು ಅಲ್ಲ. ಇವತ್ತು ಜಾಸ್ತಿ ಇರುವುದು ಅಲಾಸ್ಕನ್ ಹಸ್ಕಿ. ಅದು ಕೆಲಸ ನೋಡಿ ಬೆರೆಸಿದ ಮಿಶ್ರತಳಿ. 20–25 ಕೆಜಿ ತೂಕ, ತೆಳು ಮೈ, ಉದ್ದ ಕಾಲು. ಚಿನ್ನದ ಕಾಲದಲ್ಲಿ ಸಿಯಾಟಲ್ ಕಡೆಯಿಂದ ದೊಡ್ಡ ನಾಯಿ ಕಂಡರೆ ಸಾಕು, ಕೊಂಡೋ ಕದ್ದೋ ಉತ್ತರಕ್ಕೆ ಸಾಗಿಸಿದರು. ದೊಡ್ಡದಾದರೆ ಹೆಚ್ಚು ಎಳೆಯುತ್ತದೆ ಎಂಬ ಲೆಕ್ಕ. ಆದರೆ ದೊಡ್ಡದು ತಿನ್ನುವುದೂ ಹೆಚ್ಚು.

ಇವುಗಳ ಮೈಯ ಒಳಗೆ ನಡೆಯುವುದು ಇನ್ನೂ ಸೋಜಿಗ. ದೂರದ ಓಟದಲ್ಲಿ ಒಂದು ನಾಯಿ ದಿನಕ್ಕೆ 10,000 ಕ್ಯಾಲೊರಿಯಷ್ಟು ಸುಡುತ್ತದೆ. ತನಗಿಂತ ಮೂರು ಪಟ್ಟು ತೂಗುವ ಮನುಷ್ಯನಿಗೆ ಮಾಮೂಲಿ ದಿನದಲ್ಲಿ ಬೇಕಾಗುವುದರ ನಾಲ್ಕು ಪಟ್ಟು. ಅದರಲ್ಲಿ ದೊಡ್ಡ ಪಾಲು ಕೊಬ್ಬಿನಿಂದ. ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡದ್ದೇನೆಂದರೆ, ದಿನಗಟ್ಟಲೆ ಓಡುವ ಈ ನಾಯಿಗಳ ದೇಹ ಕೆಲವೇ ದಿನಗಳಲ್ಲಿ ಆ ದುಡಿತಕ್ಕೆ ಹೊಂದಿಕೊಂಡುಬಿಡುತ್ತದೆ. ಸ್ನಾಯುವಿನ ಶಕ್ತಿಯ ದಾಸ್ತಾನು ಮೊದಲ ದಿನ ಕರಗಿದಷ್ಟು ಆಮೇಲೆ ಕರಗುವುದಿಲ್ಲ. ಪಂಜದಲ್ಲೂ ಒಂದು ಉಪಾಯವಿದೆ. ಬಿಸಿ ರಕ್ತ ಇಳಿಯುವ ನಾಳ, ತಣ್ಣನೆ ರಕ್ತ ಏರುವ ನಾಳ ಎರಡೂ ಅಂಟಿಕೊಂಡಿರುತ್ತವೆ. ಇಳಿಯುವ ರಕ್ತದ ಶಾಖ ಏರುವ ರಕ್ತಕ್ಕೆ ದಾಟುತ್ತದೆ, ಹಿಮಕ್ಕೆ ಸೋರಿಹೋಗುವುದಿಲ್ಲ. ಹಾಗಾದರೆ ಕಾಲಿಗೆ ಬಟ್ಟೆಯ ಬೂಟು ಯಾಕೆ? ಚಳಿಗಲ್ಲ. ಒರಟು ಮಂಜುಗಡ್ಡೆ ಚರ್ಮ ತರಚುತ್ತದೆ, ಬೆರಳ ಸಂದಿಯಲ್ಲಿ ಹಿಮದ ಉಂಡೆ ಕಟ್ಟುತ್ತದೆ, ಅದಕ್ಕೆ.

ಇವಕ್ಕೆ ಚಳಿಗಿಂತ ಸೆಖೆಯೇ ಶತ್ರು. ಮೈನಸ್ 20 ಡಿಗ್ರಿ ಹಿತ. ಸೊನ್ನೆಯ ಹತ್ತಿರ ಬಂದರೆ ಏದುಸಿರು ಬಿಡುತ್ತವೆ, ಹಿಮ ಕಚ್ಚಿ ತಿನ್ನುತ್ತಾ ಓಡುತ್ತವೆ. ನೀರು ಕುಡಿಸುವುದು ದೊಡ್ಡ ತಲೆನೋವು. ಬರೀ ನೀರಿಟ್ಟರೆ ಮೂಸಿ ಬಿಡುತ್ತವೆ. ಹಿಮ ಕರಗಿಸಿ ಬಿಸಿ ಮಾಡಿ, ಅದರಲ್ಲಿ ಮಾಂಸದ ಚೂರು ಕದಡಿ ಸಾರಿನ ಹಾಗೆ ಮಾಡಿ ಕೊಟ್ಟರೆ ಗಟಗಟ ಕುಡಿಯುತ್ತವೆ. ತಂಗಿದ ಜಾಗದಲ್ಲಿ ಮೊದಲು ನಾಯಿಗೆ ಹುಲ್ಲಿನ ಹಾಸಿಗೆ, ನಾಯಿಗೆ ಸಾರು, ನಾಯಿಯ ಕಾಲು ನೋಡುವುದು. ಮನುಷ್ಯನ ಊಟ ಅದೆಲ್ಲ ಆದ ಮೇಲೆ.

ದಾರಿ ಅಂದರೆ ತುಳಿದ ಹಿಮ

ಹೊಸ ಹಿಮದಲ್ಲಿ ನಾಯಿ ಹೊಟ್ಟೆಯವರೆಗೆ ಹೂತುಹೋಗುತ್ತದೆ. ಹಾಗಾಗಿ ಆಗಿನ ಕಾಲದಲ್ಲಿ ಒಬ್ಬ ಹಿಮಪಾದುಕೆ ಕಟ್ಟಿಕೊಂಡು ಮುಂದೆ ನಡೆದು ಹಿಮ ತುಳಿಯುತ್ತಿದ್ದ. ತುಳಿದ ಹಿಮದ ಕಣಗಳು ಒಂದಕ್ಕೊಂದು ಬೆಸೆದುಕೊಂಡು ರಾತ್ರಿ ಕಳೆಯುವುದರಲ್ಲಿ ಗಟ್ಟಿ ಪಟ್ಟಿಯಾಗುತ್ತದೆ. ಅಗಲ ಒಂದು ಸ್ಲೆಡ್‌ನಷ್ಟೇ. ಅದರಿಂದ ಒಂದು ಹೆಜ್ಜೆ ಆಚೆ ಇಟ್ಟರೆ ಸೊಂಟದವರೆಗೆ ಹಿಮ. ಈ ಪಟ್ಟಿ ಎಷ್ಟು ಗಟ್ಟಿ ಅಂದರೆ, 1900ರಲ್ಲಿ ಎಡ್ ಜೆಸನ್ ಎಂಬಾತ ಡಾಸನ್‌ನಿಂದ ಅಲಾಸ್ಕಾದ ನೋಮ್‌ವರೆಗೆ, ಸುಮಾರು 1,600 ಕಿಲೋಮೀಟರ್, ಇದರ ಮೇಲೆ ಸೈಕಲ್ ತುಳಿದುಕೊಂಡು ಹೋದ! ನೋಮ್‌ನಲ್ಲಿ ಹೊಸ ಚಿನ್ನ ಸಿಕ್ಕಿತ್ತು. ಸೈಕಲ್‌ಗೆ ಮೀನು ಬೇಡ ನೋಡಿ.

ನದಿಯ ಮಂಜುಗಡ್ಡೆಯನ್ನು ಮಾತ್ರ ನಂಬುವಂತಿಲ್ಲ. ಹೆಪ್ಪುಗಟ್ಟುವಾಗ ತೇಲಿ ಬಂದ ಮಂಜುಗಡ್ಡೆಯ ಹಲಗೆಗಳು ಒಂದರ ಮೇಲೊಂದು ಹತ್ತಿ ನಿಂತು, ಮನುಷ್ಯನೆತ್ತರದ ಚೂಪು ಗಡ್ಡೆಗಳ ಬಯಲೇ ಆಗಿರುತ್ತದೆ. ಅದಕ್ಕಿಂತ ಅಪಾಯ ಮೇಲುನೀರು. ಮಂಜುಗಡ್ಡೆ ದಪ್ಪವಾಗುತ್ತಾ ಹೋದಂತೆ ಕೆಳಗೆ ನೀರು ಹರಿಯುವ ಜಾಗ ಕಿರಿದಾಗುತ್ತದೆ, ಮೇಲಿನ ಹಿಮದ ಭಾರ ಗಡ್ಡೆಯನ್ನು ಒತ್ತುತ್ತದೆ. ಒತ್ತಡಕ್ಕೆ ನೀರು ಬಿರುಕಿನಿಂದ ಉಕ್ಕಿ ಗಡ್ಡೆಯ ಮೇಲೆ ಹರಡುತ್ತದೆ. ಮೇಲಿನ ಹಿಮವೇ ಹೊದಿಕೆಯಾಗುವುದರಿಂದ ಮೈನಸ್ 40ರಲ್ಲೂ ಆ ನೀರು ಬೇಗ ಹೆಪ್ಪುಗಟ್ಟುವುದಿಲ್ಲ. ನೋಡಲು ಬಿಳಿ ಬಯಲು, ಕಾಲಿಟ್ಟರೆ ಮೊಣಕಾಲವರೆಗೆ ನೀರು. ಒದ್ದೆಯಾದ ಕಾಲನ್ನು ತಕ್ಷಣ ಒಣಗಿಸದಿದ್ದರೆ ಬೆರಳು ಹೋಯಿತು ಅಂತಲೇ ಲೆಕ್ಕ. ಹಳಬರು ಬೆಂಕಿಕಡ್ಡಿಯನ್ನು ಮೈಗೆ ಹತ್ತಿರವಾಗಿ, ಒಣಗಿದ ಜಾಗದಲ್ಲಿ ಇಟ್ಟುಕೊಳ್ಳುತ್ತಿದ್ದದ್ದು ಇದಕ್ಕೇ.

ಇಂಥ ದಾರಿಯಲ್ಲಿ ಪರ್ಸಿ ಡಿವುಲ್ಫ್ ಎಂಬಾತ 1910ರಿಂದ ಸುಮಾರು 40 ವರ್ಷ ಡಾಸನ್ ಮತ್ತು ಅಲಾಸ್ಕಾದ ಈಗಲ್ ನಡುವೆ ಟಪಾಲು ಹೊತ್ತ. ಒಂದು ಕಡೆಗೆ 160 ಕಿಲೋಮೀಟರ್‌ಗೂ ಮೇಲೆ. ಅದೇ ಈಗಲ್‌ಗೆ 1905ರ ಡಿಸೆಂಬರ್‌ನಲ್ಲಿ ನಾರ್ವೆಯ ಧ್ರುವಯಾನಿ ರೋಲ್ಡ್ ಅಮುಂಡ್‌ಸೆನ್ ಬಂದಿದ್ದ. ಯುಕಾನ್‌ನ ಉತ್ತರ ಕರಾವಳಿಯ ಹರ್ಷಲ್ ದ್ವೀಪದ ಬಳಿ ಮಂಜುಗಡ್ಡೆಯಲ್ಲಿ ಅವನ ಹಡಗು ಸಿಕ್ಕಿಕೊಂಡಿತ್ತು. ತಾನು ಕೆನಡಾದ ಉತ್ತರದ ವಾಯವ್ಯ ಸಮುದ್ರಮಾರ್ಗ ದಾಟಿದ ಸುದ್ದಿ ಕಳಿಸಲು ತಂತಿ ಆಫೀಸು ಬೇಕಿತ್ತು. ಬರೀ ಒಂದು ತಂತಿ ಕಳಿಸಲು ನಾಯಿ ತಂಡದ ಜೊತೆ ನೂರಾರು ಕಿಲೋಮೀಟರ್ ಬೆಟ್ಟಗುಡ್ಡ ದಾಟಿ ಬಂದ.

ಲೆಕ್ಕ ತಪ್ಪಿದ ಪಯಣ ಯಾವುದೆಂದರೆ 1910–11ರ ಪೊಲೀಸ್ ಗಸ್ತು. ಪ್ರತಿ ಚಳಿಗಾಲವೂ ಡಾಸನ್ ಮತ್ತು ಫೋರ್ಟ್ ಮೆಕ್‌ಫರ್ಸನ್ ನಡುವೆ, ಸುಮಾರು 765 ಕಿಲೋಮೀಟರ್, ಪೊಲೀಸರು ನಾಯಿ ಸ್ಲೆಡ್‌ನಲ್ಲಿ ಟಪಾಲು ಒಯ್ಯುತ್ತಿದ್ದರು. ಆ ವರ್ಷ ಇನ್‌ಸ್ಪೆಕ್ಟರ್ ಫ್ರಾನ್ಸಿಸ್ ಫಿಟ್ಜೆರಾಲ್ಡ್ ಡಿಸೆಂಬರ್ 21ರಂದು ಮೆಕ್‌ಫರ್ಸನ್‌ನಿಂದ ಹೊರಟ. ಮೂರು ಸ್ಲೆಡ್, 15 ನಾಯಿ, ಒಟ್ಟು ನಾಲ್ಕು ಜನ. ಬೇಗ ಹೋಗಬೇಕೆಂದು ಆಹಾರ ಕಮ್ಮಿ ತಗೊಂಡ. ಹೊರೆ ಹಗುರವಾದರೆ ವೇಗ, ವೇಗವಾದರೆ ಕಮ್ಮಿ ದಿನ, ಕಮ್ಮಿ ದಿನವಾದರೆ ಕಮ್ಮಿ ಆಹಾರ ಸಾಕು. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಆದರೆ ಒಂದು ವಾರ ತಡವಾದರೂ ಕುಸಿಯುವ ಲೆಕ್ಕ ಇದು. ಸ್ವಲ್ಪ ದೂರ ದಾರಿ ತೋರಿಸಿದ ಗ್ವಿಚಿನ್ ಸಮುದಾಯದ ಇಸಾವ್ ಜಾರ್ಜ್‌ನನ್ನು ಜನವರಿ 1ರಂದು ವಾಪಸ್ ಕಳಿಸಿಬಿಟ್ಟರು. ತಂಡದಲ್ಲಿದ್ದ ಕಾರ್ಟರ್‌ಗೆ ದಾರಿ ಗೊತ್ತು ಎಂಬ ನಂಬಿಕೆ. ಕಾರ್ಟರ್ ಆ ದಾರಿಯಲ್ಲಿ ಹಿಂದೆ ಹೋಗಿದ್ದು ಎದುರು ದಿಕ್ಕಿನಿಂದ. ಫಾರೆಸ್ಟ್ ಕ್ರೀಕ್ ಎಂಬ ಹಳ್ಳದ ಬಳಿ ತಿರುಗಬೇಕಿತ್ತು, ಅವನಿಗೆ ಹಳ್ಳವೇ ಸಿಗಲಿಲ್ಲ. ಸುಮಾರು ಒಂದು ವಾರ ಹುಡುಕಿದರು. ಇದ್ದ ಆಹಾರ ಹುಡುಕುವುದರಲ್ಲೇ ಮುಗಿಯಿತು.

ವಾಪಸ್ ಬರುವಾಗ ಒಂದೊಂದೇ ನಾಯಿಯನ್ನು ಕೊಂದು ತಿಂದರು. ಆದರೆ ನಾಯಿ ಕಮ್ಮಿಯಾದಷ್ಟೂ ಎಳೆಯುವ ಬಲವೂ ಹೋಯಿತು. ಫೆಬ್ರವರಿಯಲ್ಲಿ ನಾಲ್ವರೂ ಸತ್ತರು. ಕೊನೆಗೆ ಸತ್ತವರು ಮೆಕ್‌ಫರ್ಸನ್‌ನಿಂದ ಬರೀ 40 ಕಿಲೋಮೀಟರ್ ದೂರದಲ್ಲಿದ್ದರು. ಡಾಸನ್‌ನಿಂದ ಹುಡುಕಿಕೊಂಡು ಹೊರಟ ಕಾರ್ಪೊರಲ್ ಡೆಂಪ್‌ಸ್ಟರ್ ಮಾರ್ಚ್‌ನಲ್ಲಿ ಹೆಣಗಳನ್ನು ಕಂಡ. ಅವನ ಜೊತೆ ಗ್ವಿಚಿನ್ ದಾರಿಗಾರ ಚಾರ್ಲಿ ಸ್ಟೂವರ್ಟ್ ಇದ್ದ. ಇದಾದ ಮೇಲೆ ಪೊಲೀಸರು ಆ ದಾರಿಯಲ್ಲಿ ಗುಡಿಸಲು ಕಟ್ಟಿದರು, ಆಹಾರ ಬಚ್ಚಿಟ್ಟರು, ಸ್ಥಳೀಯ ದಾರಿಗಾರರಿಲ್ಲದೆ ಹೋಗಬಾರದೆಂದು ಮಾಡಿದರು. ಫಿಟ್ಜೆರಾಲ್ಡ್‌ಗೆ ಧೈರ್ಯ ಕಮ್ಮಿ ಇರಲಿಲ್ಲ. ಕಮ್ಮಿ ಬಿದ್ದದ್ದು ಆ ನೆಲದವರನ್ನು ಕೇಳುವ ತಾಳ್ಮೆ ಅಂತ ನನಗನ್ನಿಸುತ್ತದೆ.

1960ರ ದಶಕದಲ್ಲಿ ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡುವ ಮೋಟಾರು ಗಾಡಿ, ಬಂತು. ಕೆನಡಾ ಪೊಲೀಸರ ಕೊನೆಯ ನಾಯಿ ಗಸ್ತು ನಡೆದದ್ದು 1969ರಲ್ಲಿ. ದುಡಿಮೆಯ ನಾಯಿ ನಿಂತಿತು, ಓಟದ ನಾಯಿ ಶುರುವಾಯಿತು. 1984ರಲ್ಲಿ ಯುಕಾನ್‌ನ ವೈಟ್‌ಹಾರ್ಸ್ ಮತ್ತು ಅಲಾಸ್ಕಾದ ಫೇರ್‌ಬ್ಯಾಂಕ್ಸ್ ನಡುವೆ 1,600 ಕಿಲೋಮೀಟರ್‌ನ ಯುಕಾನ್ ಕ್ವೆಸ್ಟ್ ಓಟ ಆರಂಭವಾಯಿತು. ಹಳೆಯ ಚಿನ್ನದ ಮತ್ತು ಟಪಾಲಿನ ದಾರಿಯನ್ನೇ ಹಿಡಿದು ಹೋಗುತ್ತಿದ್ದ ಅದರಲ್ಲಿ ಡಾಸನ್‌ನಲ್ಲಿ ಕಡ್ಡಾಯ ವಿಶ್ರಾಂತಿ. ಪೂರ್ತಿ ಉದ್ದದ ಆ ಓಟ ಕೊನೆಯದಾಗಿ ನಡೆದದ್ದು 2020ರಲ್ಲಿ. ಡಿವುಲ್ಫ್ ಹೆಸರಿನಲ್ಲೂ ಡಾಸನ್‌ನಿಂದ ಈಗಲ್‌ಗೆ ಹೋಗಿಬರುವ 338 ಕಿಲೋಮೀಟರ್‌ನ ಮಾರ್ಚ್ ಓಟ ಹುಟ್ಟಿಕೊಂಡಿತು.

ಲೆಕ್ಕದ ಎರಡು ಅಂಶಗಳು ಈಗ ಅಲುಗಾಡುತ್ತಿವೆ. 2016ರಿಂದೀಚೆಗೆ ಕೆಲವು ಚಳಿಗಾಲಗಳಲ್ಲಿ ಡಾಸನ್ ಎದುರಿನ ನದಿ ಪೂರ್ತಿ ಹೆಪ್ಪುಗಟ್ಟಲೇ ಇಲ್ಲ. ಇನ್ನೊಂದು ಮೀನು. ಚಿನೂಕ್ ಸಾಲ್ಮನ್ ಎಷ್ಟು ಕುಸಿದಿದೆ ಅಂದರೆ, 2024ರಲ್ಲಿ ಕೆನಡಾ ಮತ್ತು ಅಲಾಸ್ಕಾ ಸೇರಿ ಯುಕಾನ್ ನದಿಯಲ್ಲಿ ಅದನ್ನು ಏಳು ವರ್ಷ ಹಿಡಿಯಬಾರದೆಂದು ಒಪ್ಪಂದ ಮಾಡಿಕೊಂಡವು. ಈಗಿನ ನಾಯಿಗಳು ಹೆಚ್ಚಾಗಿ ತಿನ್ನುವುದು ಅಂಗಡಿಯ ಒಣ ಆಹಾರ, ಮಾಂಸ, ಕೊಬ್ಬು. ಅದೆಲ್ಲ ದಕ್ಷಿಣದಿಂದ ಲಾರಿಯಲ್ಲಿ ಬರುತ್ತದೆ.

ನೋಡಲು ಹೋಗುವ ಆಸೆ ಇದ್ದರೆ, ಕೆನಡಾದಲ್ಲಿರುವ ಕನ್ನಡಿಗರಿಗೆ ಇದು ತೀರಾ ದೂರವಲ್ಲ. ವ್ಯಾಂಕೂವರ್‌ನಿಂದ ವೈಟ್‌ಹಾರ್ಸ್‌ಗೆ ನೇರ ವಿಮಾನವಿದೆ, ಎರಡೂವರೆ ಗಂಟೆಯ ಹಾದಿ. ಡಿಸೆಂಬರ್‌ನಲ್ಲಿ ಬೆಳಕು ತೀರಾ ಕಮ್ಮಿ, ಮಾರ್ಚ್ ಒಳ್ಳೆಯದು. ಅರ್ಧ ದಿನದ ಸವಾರಿಯಿಂದ ಹಿಡಿದು ವಾರದ ಪಯಣದವರೆಗೆ ಸಿಗುತ್ತದೆ. ಹತ್ತಿಬಟ್ಟೆ ಬೇಡ, ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಉಣ್ಣೆ ಹಾಕಿ. ಕೈಗವಸನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಿ, ಬಿದ್ದರೆ ತರಲು ಹಿಂದೆ ಹೋಗಲಾಗುವುದಿಲ್ಲ. ಬುಕ್ ಮಾಡುವ ಮೊದಲು ಅಲ್ಲಿನವರಿಗೆ ಎರಡು ಪ್ರಶ್ನೆ ಕೇಳಿ: ವಯಸ್ಸಾದ ನಾಯಿಗಳನ್ನು ಏನು ಮಾಡುತ್ತೀರಿ? ಬೇಸಿಗೆಯಲ್ಲಿ ಅವನ್ನು ಎಲ್ಲಿ, ಹೇಗೆ ಇಡುತ್ತೀರಿ? ನಾಯಿಗಳನ್ನು ವರ್ಷವಿಡೀ ಸರಪಳಿಯಲ್ಲಿ ಕಟ್ಟಿಹಾಕುವುದರ ಬಗ್ಗೆ ತಕರಾರುಗಳಿವೆ, ಅವು ಸುಳ್ಳೇನಲ್ಲ. ಚೆನ್ನಾಗಿ ಸಾಕುವವರು ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ. ಒಂದೊಂದು ನಾಯಿಯ ಹೆಸರು ಹೇಳಿ ಉತ್ತರಿಸುತ್ತಾರೆ. ಉತ್ತರ ತೇಲಿಸಿದರೆ ಬೇರೆ ಕಡೆ ನೋಡಿ.